ಹದಿನಾರು ಹಾಡುಗಳ ಪಿ.ಬಿ.ಎಸ್.

ಎಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಯಾವ ಕ್ಯಾಸೆಟ್ ಅಂಗಡಿಗೆ ಹೋದರೂ ಗಾಜಿನ ಹಿಂದೆ ಪಿ.ಬಿ. ಶ್ರೀನಿವಾಸ್ ಅವರ ಆಯ್ದ ಹಾಡುಗಳ ಕ್ಯಾಸೆಟ್ ಕಾಣುತ್ತಿತ್ತು. 'ಹಿಟ್ಸ್' ಅಂತಲೋ 'ಮಧುರ ಗೀತೆಗಳು' ಅಂತಲೋ ಅದಕ್ಕೊಂದು ಹೆಸರು. ನಮ್ಮ ಮನೆಗೆ ಬಂದದ್ದರ ಹೊದಿಕೆಯಲ್ಲಿ ರಾಜ್‌ಕುಮಾರ್ ಮುಖ ದೊಡ್ಡದಾಗಿ ಇತ್ತು, ಹಾಡಿದವರ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಒಳಗಿನ ಕಾರ್ಡಿನಲ್ಲಿ ಎ ಸೈಡಿಗೆ ಎಂಟು, ಬಿ ಸೈಡಿಗೆ ಎಂಟು ಹಾಡುಗಳ ಮೊದಲ ಸಾಲು, ಎದುರಿಗೆ ಸಿನಿಮಾದ ಹೆಸರು. ಬರೆದವರು ಯಾರು, ಸಂಗೀತ ಯಾರದು ಎಂಬುದು ಎಲ್ಲೂ ಇರಲಿಲ್ಲ.

ಆ ಹದಿನಾರೂ ರಾಜ್‌ಕುಮಾರ್ ಚಿತ್ರಗಳ ಹಾಡುಗಳೇ. ನಮ್ಮ ಪೀಳಿಗೆಗೆ ಪಿ.ಬಿ.ಎಸ್. ಎಂದರೆ ಅಷ್ಟೇ ಆಗಿಹೋದರು.

ಇದಕ್ಕೂ ಮುಂಚೆ ಹಾಡು ಮನೆಗೆ ಬರುತ್ತಿದ್ದ ದಾರಿಯೇ ಬೇರೆ. ನನ್ನ ಸೋದರಮಾವನ ಮನೆಯಲ್ಲಿ ಹಳೆಯ 78 ಆರ್‌ಪಿಎಂ ಪ್ಲೇಟುಗಳಿದ್ದವು. ಒಂದು ಮಗ್ಗುಲಿಗೆ ಮೂರೂವರೆ ನಿಮಿಷದಷ್ಟು ಮಾತ್ರ ಹಿಡಿಯುತ್ತಿದ್ದ ತಟ್ಟೆಗಳು ಅವು. ಸಿನಿಮಾದಲ್ಲಿ ಹಾಡು ಅದಕ್ಕಿಂತ ಉದ್ದವಿದ್ದರೆ ಆರಂಭದ ಆಲಾಪವೋ ಕೊನೆಯ ಚರಣವೋ ತಟ್ಟೆಗೆ ಬರುತ್ತಿರಲಿಲ್ಲ. ಆದರೆ ನಡುವಿನ ಗುಂಡನೆಯ ಲೇಬಲ್ಲಿನಲ್ಲಿ, ಅಷ್ಟು ಇಕ್ಕಟ್ಟಿನ ಜಾಗದಲ್ಲೂ, ಚಿತ್ರದ ಹೆಸರಿನ ಜೊತೆ ಹಾಡಿದವರ, ಸಂಗೀತ ನಿರ್ದೇಶಕರ ಹೆಸರು ಅಚ್ಚಾಗಿರುತ್ತಿತ್ತು. ಉಳಿದದ್ದನ್ನು ಆಕಾಶವಾಣಿ ತುಂಬಿಕೊಡುತ್ತಿತ್ತು. ಪ್ರತಿ ಹಾಡಿನ ಮುಂದೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ನಾಲ್ಕೂ ಹೇಳಿಯೇ ಹಾಡು ಹಾಕುತ್ತಿದ್ದರು. ಸಿನಿಮಾ ನೋಡುವುದೇ ಅಪರೂಪವಾಗಿದ್ದ ನನ್ನ ಅಮ್ಮನಿಗೆ ಕು.ರಾ. ಸೀತಾರಾಮಶಾಸ್ತ್ರಿ, ಗೀತಪ್ರಿಯ, ಆರ್.ಎನ್. ಜಯಗೋಪಾಲ್ ಇವರೆಲ್ಲ ಗೊತ್ತಿದ್ದದ್ದು ಹಾಗೆ. ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ 'ಇದು ವಿಜಯಭಾಸ್ಕರ್‌ದು' ಅನ್ನುತ್ತಿದ್ದಳು.

ಕ್ಯಾಸೆಟ್ ಬಂದಮೇಲೆ ಎರಡು ಬಗೆಯ ಆಯ್ಕೆ ಒಟ್ಟಿಗೇ ನಡೆಯಿತು. ಕಂಪನಿ ಮಾಡಿದ್ದು ಒಂದು, ಬಸ್‌ಸ್ಟ್ಯಾಂಡ್ ಹತ್ತಿರದ ರೆಕಾರ್ಡಿಂಗ್ ಅಂಗಡಿಯಲ್ಲಿ ನಾವೇ ಮಾಡಿಸಿಕೊಂಡದ್ದು ಇನ್ನೊಂದು. ಎರಡನೆಯದು ಕಾನೂನಿಗೆ ಹೊರಗಿನದು, ಅದನ್ನು ಸಮರ್ಥಿಸುವುದಿಲ್ಲ. ಆದರೆ ಆ ಅಂಗಡಿಯ ರಿಜಿಸ್ಟರ್ ಮಾತ್ರ ಮರೆಯುವಂಥದ್ದಲ್ಲ. ಲೆಕ್ಕದ ಪುಸ್ತಕದಂಥ ಉದ್ದನೆಯ ಪುಸ್ತಕ, ಪುಟಪುಟಕ್ಕೂ ಸಿನಿಮಾವಾರು ಹಾಡುಗಳು, ಪ್ರತಿಯೊಂದಕ್ಕೂ ಕೆಂಪು ಶಾಯಿಯ ನಂಬರು. ನಾವು ಚೀಟಿಯಲ್ಲಿ ನಂಬರು ಬರೆದುಕೊಟ್ಟು ಖಾಲಿ ಕ್ಯಾಸೆಟ್ ಕೊಟ್ಟರೆ ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಿದ್ದ. ಮಾವ ಒಮ್ಮೆ ಹದಿನೇಳು ಹಾಡು ಬರೆದುಕೊಟ್ಟ. ಅಂಗಡಿಯವನು ಚೀಟಿಯ ಮೇಲೆ ನಿಮಿಷ ಕೂಡಿಸಿ, 'ಕೊನೇದು ಅರ್ಧಕ್ಕೆ ನಿಲ್ಲುತ್ತೆ ಸಾರ್, ಸಣ್ಣದು ಯಾವುದಾದ್ರೂ ಹೇಳಿ' ಅಂದ. 'ಅದನ್ನ ಬಿಡೋಕಾಗಲ್ಲ ಮಾರಾಯ, ಬೇರೆ ಯಾವುದಾದ್ರೂ ತೆಗಿ' ಎಂದು ಮಾವ ಹಟಕ್ಕೆ ನಿಂತದ್ದು 'ಶರಪಂಜರ'ದ ಬೇಂದ್ರೆ ಗೀತೆಗಾಗಿ.

ಆ ಚೀಟಿಯಲ್ಲಿದ್ದ ಪಿ.ಬಿ.ಎಸ್. ಬೇರೆಯೇ ಮನುಷ್ಯ. 'ಶರಪಂಜರ'ದಲ್ಲಿ ಪಿ. ಸುಶೀಲ ಜೊತೆ ಅವರು ಹಾಡಿದ್ದು ಗಂಗಾಧರ್‌ಗೆ. 1972ರ 'ನಾಗರಹಾವು' ಚಿತ್ರದಲ್ಲಿ ಒನಕೆ ಓಬವ್ವನ ಹಾಡಿಗೆ ಅವರದೇ ಕಂಠ. ಆಗಷ್ಟೇ ನಾಯಕನಾದ ವಿಷ್ಣುವರ್ಧನ್‌ಗೂ ಅದೇ ಚಿತ್ರದಲ್ಲಿ ಪ್ರೇಮಗೀತೆ ಹಾಡಿದ್ದಾರೆ. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ಈ ತೆಲುಗು ಮಾತೃಭಾಷೆಯ ಗಾಯಕ ಮೊದಲು ಹಾಡಿದ್ದು 1952ರ 'ಮಿಸ್ಟರ್ ಸಂಪತ್' ಎಂಬ ಹಿಂದಿ ಚಿತ್ರದಲ್ಲಿ. ತಮಿಳರನ್ನು ಕೇಳಿದರೆ ಅವರು ಜೆಮಿನಿ ಗಣೇಶನ್ ಧ್ವನಿ, 1961ರ 'ಪಾವ ಮನ್ನಿಪ್ಪು' ಚಿತ್ರದ ಹಾಡಿನ ಗಾಯಕ. ಒಂದೊಂದು ಭಾಷೆಯ ಮಾರುಕಟ್ಟೆ ತನಗೆ ಬೇಕಾದ ನಾಯಕನ ಮುಖವನ್ನು ಅವರ ಧ್ವನಿಗೆ ಅಂಟಿಸಿಕೊಂಡಿತು.

ಕಂಪನಿಯ ಆಯ್ಕೆಯಲ್ಲಿ ಒಳ್ಳೆಯ ಹಾಡುಗಳಿರಲಿಲ್ಲ ಎಂದು ಹೇಳಲಾರೆ. ಎಲ್ಲವೂ ಒಳ್ಳೆಯವೇ. ಪಿ.ಬಿ.ಎಸ್. ಅವರ ಹೆಚ್ಚುಗಾರಿಕೆ ಇರುವುದು ಮಂದ್ರದಲ್ಲಿ. ಕೆಳಗಿನ ಸ್ವರಗಳಿಗೆ ಇಳಿದಾಗಲೂ ಅಕ್ಷರ ಮಸುಕಾಗುವುದಿಲ್ಲ, ಒತ್ತಕ್ಷರ ನುಂಗಿಹೋಗುವುದಿಲ್ಲ. 'ಕಸ್ತೂರಿ ನಿವಾಸ'ದ ಗೊಂಬೆಯ ಹಾಡಿನಲ್ಲಿ ಆ ಸಂಯಮ ಚೆನ್ನಾಗಿ ಕೇಳಿಸುತ್ತದೆ. ಜಿ.ಕೆ. ವೆಂಕಟೇಶ್ ಅದನ್ನು ಅರಿತೇ ರಾಗ ಹಾಕಿದ್ದಾರೆ. ನನ್ನ ತಕರಾರು ಬೇರೆ. ಕಂಪನಿ ಆರಿಸುವುದು ತನ್ನ ಕೈಯಲ್ಲಿ ಹಕ್ಕು ಇರುವ ಹಾಡುಗಳಿಂದ. ಬೇರೆ ಕಂಪನಿಯ ಹಕ್ಕಿನ ಹಾಡು ಎಷ್ಟೇ ದೊಡ್ಡದಾದರೂ ಆ ಕ್ಯಾಸೆಟ್ಟಿಗೆ ಬರುವಂತಿಲ್ಲ. ನಾವು ಮಾತ್ರ ಅದನ್ನು ಗಾಯಕನ ಅತ್ಯುತ್ತಮ ಹಾಡುಗಳ ಪಟ್ಟಿ ಎಂದೇ ಓದಿಕೊಂಡೆವು.

ಆ ಪಟ್ಟಿ ಮನೆಯಲ್ಲೇ ನಿಲ್ಲಲಿಲ್ಲ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದವರು ಹಾಡು ಕಲಿತದ್ದು ಇದೇ ಕ್ಯಾಸೆಟ್ಟುಗಳಿಂದ. ಜನ ಚೀಟಿ ಕಳಿಸಿ ಕೇಳುತ್ತಿದ್ದದ್ದೂ ತಮ್ಮ ಮನೆಯ ಕ್ಯಾಸೆಟ್ಟಿನಲ್ಲಿದ್ದ ಹಾಡುಗಳನ್ನೇ. ಮುಂದಿನ ವರ್ಷ ಇನ್ನೊಂದು ಊರಿನ ತಂಡ ಬಂದರೂ ಹಾಡುಗಳು ಅವೇ. ಹತ್ತು ವರ್ಷ ಹೀಗೆ ನಡೆದಮೇಲೆ ಆ ಹದಿನಾರು ಹಾಡುಗಳೇ ಹಿಟ್ ಎನ್ನಲು ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹೆಸರು ಬಿಟ್ಟದ್ದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಮುಂದೆ ತಂದ ಇನ್ನೊಂದು ಕ್ಯಾಸೆಟ್ಟಿನಲ್ಲಿ 'ಅರಿಶಿನ ಕುಂಕುಮ' ಚಿತ್ರದ ಗಂಗೆಯ ಹಾಡಿತ್ತು. ವರ್ಷಗಟ್ಟಲೆ ಕೇಳಿ ಬಾಯಿಪಾಠ ಆಗಿತ್ತು. ಅದು ಬೇಂದ್ರೆಯವರ 'ಗಂಗಾವತರಣ' ಎಂದು ತಿಳಿದದ್ದು ಕಾಲೇಜಿನಲ್ಲಿ ಮೇಷ್ಟ್ರು ಕವಿತೆ ಓದಿದಾಗ. ಕನ್ನಡದ ಅಷ್ಟು ದೊಡ್ಡ ಕವಿತೆ ನಮ್ಮ ಮನೆಯ ಶೆಲ್ಫಿನಲ್ಲಿ ಕವಿಯ ಹೆಸರಿಲ್ಲದೆ ಇತ್ತು. ಸಂದರ್ಭವೂ ಹಾಗೇ ಕಳಚಿಹೋಗುತ್ತಿತ್ತು. 'ನಾಂದಿ' ಚಿತ್ರ ಕಿವಿ ಕೇಳದವರ, ಮಾತು ಬಾರದವರ ಬದುಕಿನ ಕಥೆ. ಅಂಥ ಮನೆಯಲ್ಲಿ ಅಪ್ಪ ಮಗುವಿಗೆ ಹಾಡುತ್ತಾನೆ ಎನ್ನುವುದು ಗೊತ್ತಿದ್ದರೆ ಆ ಹಾಡಿನ ಭಾರವೇ ಬೇರೆ. ಕ್ಯಾಸೆಟ್ಟಿನಲ್ಲಿ ಅದೊಂದು ಜೋಗುಳ, ಅದು ಮುಗಿದ ಎರಡು ಸೆಕೆಂಡಿಗೆ ಯುಗಳಗೀತೆ.

ಇನ್ನೊಂದು ಸಂಗತಿ ದೊಡ್ಡವನಾದ ಮೇಲೆ ತಿಳಿಯಿತು, ತಿಳಿದಾಗ ನೋವಾಯಿತು. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜ್‌ಕುಮಾರ್ ಹೆಚ್ಚಾಗಿ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಪಿ.ಬಿ.ಎಸ್. ಅವರಿಗೆ ಕನ್ನಡದಲ್ಲಿ ಅವಕಾಶ ಕಡಿಮೆಯಾಯಿತು. ಅಂದರೆ ಮನೆಮನೆಯಲ್ಲೂ ಅವರ ಕ್ಯಾಸೆಟ್ ಓಡುತ್ತಿದ್ದ ಕಾಲಕ್ಕೆ ಅವರ ಕೈಯಲ್ಲಿ ಕೆಲಸ ಅಷ್ಟಾಗಿ ಇರಲಿಲ್ಲ. ಚಿತ್ರದಲ್ಲಿ ಹಾಡಿದ ಗಾಯಕರಿಗೂ ಮುಂದಿನ ವ್ಯಾಪಾರದಲ್ಲಿ ರಾಯಧನದ ಪಾಲಿದೆ ಎಂದು ಕೃತಿಸ್ವಾಮ್ಯ ಕಾಯಿದೆ ಸ್ಪಷ್ಟವಾಗಿ ಹೇಳಿದ್ದು 2012ರ ತಿದ್ದುಪಡಿಯಲ್ಲಿ. ಅವರು ತೀರಿಕೊಂಡದ್ದು 2013ರ ಏಪ್ರಿಲ್ 14ರಂದು.

ಈಗಿನ ಸ್ಥಿತಿಗೆ ಬರೋಣ. ಕೇಳುವ ಸುಖದ ಮಟ್ಟಿಗೆ ಈಗಲೇ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಟೇಪು ಎಳೆದುಕೊಂಡು ಶ್ರುತಿ ಇಳಿಯುವುದಿಲ್ಲ, ಪಕ್ಕದ ಸೈಡಿನ ಹಾಡು ಹಿಂದೆ ಗುನುಗುವುದಿಲ್ಲ. ತಟ್ಟೆಯಲ್ಲಿ ಬಿಟ್ಟುಹೋಗಿದ್ದ ಚರಣ ಸಿನಿಮಾದ ಪ್ರತಿಯಿಂದಲೇ ಸಿಗುತ್ತದೆ. 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು, ಚಿಕ್ಕವರೂ ಹೋಗಿ ನೋಡಿದರು. ಮಾವ ಹಟ ಮಾಡಿ ತುಂಬಿಸಿಕೊಂಡ ಹಾಡು ಫೋನಿನಲ್ಲಿ ಮಾತಿನಲ್ಲಿ ಕೇಳಿದರೆ ಬರುತ್ತದೆ.

ಆದರೆ ಪಿ.ಬಿ. ಶ್ರೀನಿವಾಸ್ ಎಂದಷ್ಟೇ ಕೇಳಿ ನೋಡಿ. ಗಂಟೆಗಟ್ಟಲೆಯ ಜೂಕ್‌ಬಾಕ್ಸ್ ಬರುತ್ತದೆ, ಮೊದಲಿಗೆ ಬರುವುದು ಬಹುಪಾಲು ಅದೇ ಹಳೆಯ ಹದಿನಾರು. ಗಾಯಕರ ಜಾಗದಲ್ಲಿ ಕೆಲವೊಮ್ಮೆ ನಾಯಕನ ಹೆಸರು, ಕೆಲವೊಮ್ಮೆ ಸಂಗೀತ ನಿರ್ದೇಶಕರ ಹೆಸರು. ಸಾಹಿತ್ಯ ಬರೆದವರ ಹೆಸರು ಇದ್ದರೆ ಅದೃಷ್ಟ. ಧ್ವನಿಮುದ್ರಣದ ಹಕ್ಕಿಗೆ ಕಾಯಿದೆಯಲ್ಲಿ 60 ವರ್ಷದ ಅವಧಿ. 1960ರ 'ಭಕ್ತ ಕನಕದಾಸ'ದ ತಟ್ಟೆಯ ಅವಧಿ ಮುಗಿದಿದೆ, ಅದರ ಹಿಂದೆಯೇ ಅರವತ್ತರ ದಶಕದ ಉಳಿದವು ಸಾಲಾಗಿ ಮುಗಿಯುತ್ತಿವೆ. ಮುಂದೆ ಇವನ್ನು ಯಾರು ಬೇಕಾದರೂ ಹಾಕುತ್ತಾರೆ. ಆಗ ಹೆಸರು ಬರೆಯುವ ಹೊಣೆಯನ್ನು ಹೊತ್ತುಕೊಳ್ಳುವವರು ಯಾರೂ ಇರುವುದಿಲ್ಲ.

ಕಾರ್ಡಿನಲ್ಲಿ ಜಾಗವಿಲ್ಲ ಎನ್ನುವ ಮಾತು ಕ್ಯಾಸೆಟ್ ಕಾಲಕ್ಕೆ ಒಪ್ಪುತ್ತಿತ್ತೇನೋ, ಇವತ್ತು ಒಪ್ಪುವುದಿಲ್ಲ. ಹಕ್ಕು ಇಟ್ಟುಕೊಂಡ ಕಂಪನಿಗಳು ಪ್ರತಿ ಹಾಡಿನ ಕೆಳಗೆ ನಾಲ್ಕು ಹೆಸರನ್ನೂ ಹಾಕಲೇಬೇಕು. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಪ್ಲೇಟುಗಳೋ, ಟಾಕೀಸಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಲೇಬಲ್ಲಿನ, ಮೊದಲ ಪುಟದ ಫೋಟೊ ತೆಗೆಯಿರಿ. ಆ ಹಾಡನ್ನು ಎಲ್ಲಿ ಹೆಸರಿಲ್ಲದೆ ಕಂಡರೂ ಕೆಳಗೆ ಬರೆದವರ, ಸಂಗೀತ ಕೊಟ್ಟವರ, ಹಾಡಿದವರ ಹೆಸರನ್ನು ಸೇರಿಸಿ.