ಚಿಕ್ಕ ದೇವಾಲಯದ ವಾರ

ದೊಡ್ಡ ಪಟ್ಟಣದ ದೇವಾಲಯಕ್ಕೂ ನಮ್ಮ ಯಾದಗಿರಿಯಂಥ ಊರಿನ ಚಿಕ್ಕ ದೇವಾಲಯಕ್ಕೂ ಇರುವ ಭೇದವೇನೆಂದು ಯಾರಾದರೂ ನನ್ನನ್ನು ಕೇಳಿದರೆ, ಕಟ್ಟಡದ ಎತ್ತರವನ್ನಾಗಲಿ ಗಾನದ ಸೊಗಸನ್ನಾಗಲಿ ನಾನು ಎತ್ತಿ ಹೇಳಲಾರೆನು. ದೊಡ್ಡ ದೇವಾಲಯದಲ್ಲಿ ಬಂದವರು ಕಾಣುವರು. ಚಿಕ್ಕ ದೇವಾಲಯದಲ್ಲಿ ಬಾರದವರು ಕಾಣುವರು. ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಮಗನ ಮನೆಯಲ್ಲಿ ಒಂದು ವರುಷ ಬೆಂಗಳೂರಿನಲ್ಲಿದ್ದೆನು. ಅಲ್ಲಿ ಜ್ವರದಿಂದ ಮಲಗಿ ಮೂರು ಆದಿತ್ಯವಾರ ಪೂಜೆ ತಪ್ಪಿಸಿದರೂ ನನ್ನನ್ನು ಕೇಳಿದವರಿಲ್ಲ. ಇಲ್ಲಿಯಾದರೋ ಒಂದು ಆದಿತ್ಯವಾರ ನನ್ನ ಜಾಗವು ಬರಿದಾಗಿದ್ದರೆ, ಸಂಜೆಯೊಳಗಾಗಿ ಯಾರಾದರೊಬ್ಬರು ಬಾಗಿಲಿಗೆ ಬಂದು, ಮೈಯಲ್ಲಿ ನೆಟ್ಟಗಿಲ್ಲವೇ ಎಂದು ವಿಚಾರಿಸದೆ ಇರುವದಿಲ್ಲ.

ನಮ್ಮವು ಕೆಲವೇ ಮನೆಗಳು. ಯಾದಗಿರಿಯಲ್ಲಿ ಕ್ರೈಸ್ತರೆಂದೊಡನೆ ಜನರ ನೆನಪಿಗೆ ಬರುವದು ಮೆಥಡಿಸ್ಟ ಸಭೆ, ಅವರ ಹೋಲ್ಸ್ಟನ್ ಆಸ್ಪತ್ರೆ. ಕಥೋಲಿಕರೆಂಬ ಇನ್ನೊಂದು ಪಂಗಡವುಂಟೆಂದು ನೆರೆಯವರಿಗೆ ತಿಳಿಸಿ ಹೇಳಬೇಕಾದ ಪ್ರಸಂಗಗಳು ಈಗಲೂ ಬರುವವು. ಆದರೂ ಈ ಸೀಮೆಗೆ ನಾವು ತೀರ ಹೊಸಬರಲ್ಲ. ಸುರಪುರದಿಂದ ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನ ಮಾರ್ಗವಾಗಿ ಹೋದರೆ ಸಿಕ್ಕುವ ಮುದಗಲ್ಲಿನಲ್ಲಿ, ಆದಿಲಶಾಹಿಗಳ ಕಾಲದಲ್ಲಿ ಗೋವೆಯಿಂದ ಬಂದ ಗುರುಗಳು ನೆಟ್ಟ ಸಭೆಯು ಇಂದಿಗೂ ಬಾಳುತ್ತಿದೆ. ಮೊಹರಮ್ಮಿಗೆ ಹೆಸರಾದ ಊರಿನಲ್ಲಿಯೇ ಶಿಲುಬೆಯೂ ಶತಮಾನಗಳಿಂದ ನಿಂತಿರುವದೆಂಬದು ನಮ್ಮ ಸೀಮೆಗೆ ಭೂಷಣವೇ ಸರಿ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯವು ರಚಿತವಾದಂದಿನಿಂದ ನಾವು ಅದಕ್ಕೆ ಸೇರಿದವರು. ಅದಾದ ನಾಲ್ಕು ವರುಷಗಳಿಗೆ, 2009ರ ಕೊನೆಯಲ್ಲಿ, ಯಾದಗಿರಿಯು ಜಿಲ್ಲೆಯಾಯಿತು.

ಆದಿತ್ಯವಾರ ಬೆಳಿಗ್ಗೆ ಮೊದಲನೆಯ ಗಂಟೆಯಾಗುವದು. ಎರಡನೆಯ ಗಂಟೆಯ ಹೊತ್ತಿಗೆ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಮಕ್ಕಳು ಮುಂದೆ ಚಾಪೆಯ ಮೇಲೆ ಕುಳಿತಿರುವರು. ಎರಡು ವಾಚನಗಳು, ನಡುವೆ ಕೀರ್ತನೆ, ಆಮೇಲೆ ಎಲ್ಲರೂ ಎದ್ದು ನಿಂತು ಕೇಳುವ ಶುಭಸಂದೇಶ. ಗುರುಗಳು ಕರಾವಳಿಯವರು. ಅವರ ಗ್ರಾಂಥಿಕ ಕನ್ನಡವು ನಮ್ಮ ಮುದುಕಿಯರಿಗೆ ಅರ್ಧ ತಿಳಿಯುವದು. ನಮ್ಮವರ ಮಾತು ಮೊದಲ ವರುಷ ಅವರಿಗೆ ಅಷ್ಟೂ ತಿಳಿಯಲಿಲ್ಲ. ಆದರೆ ನನ್ನ ಅಜ್ಜಿಯ ಕಾಲವನ್ನು ನೆನೆದರೆ ಇದು ದೂರುವ ಮಾತಲ್ಲ. ಆಗ ಪೂಜೆಯೆಲ್ಲ ಲತೀನಿನಲ್ಲಿ ನಡೆಯುತ್ತಿತ್ತು. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗೆ ಬಾಗಿಲು ತೆರೆದ ಮೇಲೆಯೇ ದೇವರು ಕನ್ನಡದಲ್ಲಿಯೂ ಕೇಳಬಲ್ಲನೆಂಬ ಧೈರ್ಯವು ಅವಳಿಗೆ ಬಂದಿತು. ಪೂಜೆ ಮುಗಿದು ಒಂದು ಬಟ್ಟಲು ಚಹ ಕುಡಿಯುವಷ್ಟರಲ್ಲಿ ಗುರುಗಳು ಭೀಮೆಯನ್ನು ದಾಟಿ ಶಹಾಪುರ ಸುರಪುರಗಳ ಕಡೆಯ ಮನೆಗಳಿಗೆ ಹೊರಡುವರು. ಅಲ್ಲಿ ಗುಡಿಯಿಲ್ಲ, ಯಾರದೋ ಪಡಸಾಲೆಯೇ ಗುಡಿ, ಕಟ್ಟಿಗೆಯ ಮೇಜೇ ಪೀಠ.

ಉಳಿದ ಆರು ದಿನಗಳನ್ನು ನಡೆಯಿಸುವದು ಜಪಸರ. ಸೋಮವಾರ ಶನಿವಾರಗಳಲ್ಲಿ ಸಂತೋಷದ ರಹಸ್ಯಗಳು, ಮಂಗಳವಾರ ಶುಕ್ರವಾರಗಳಲ್ಲಿ ದುಃಖದವು, ಬುಧವಾರ ಆದಿತ್ಯವಾರಗಳಲ್ಲಿ ಮಹಿಮೆಯವು. ಗುರುವಾರಕ್ಕೆ ಬೆಳಕಿನ ರಹಸ್ಯಗಳನ್ನು ಜಗದ್ಗುರು ಎರಡನೆಯ ಜಾನ್ ಪೌಲರು 2002ರಲ್ಲಿ ಸೇರಿಸಿದರು. ಬಾಯಿಪಾಠವಾಗಿದ್ದ ಹದಿನೈದರ ಮೇಲೆ ಇನ್ನೈದನ್ನು ಕಲಿಯಲು ನಮ್ಮ ಮುದುಕಿಯರು ಎರಡು ವರುಷ ತಕ್ಕೊಂಡರು. ವಾರಕ್ಕೊಂದು ಮನೆಯಂತೆ ಸರದಿ. ಮನೆಯವರು ಒಂದು ಚಾಪೆ, ಒಂದು ದೀಪ, ಕೊನೆಗೆ ಒಂದು ಹಿಡಿ ಚುರುಮರಿ ಸಿದ್ಧಪಡಿಸಿದರೆ ಸಾಕು.

ಇಷ್ಟೆಲ್ಲ ಚೆನ್ನಾಗಿಯೇ ಇದೆ. ಆದರೆ ನಮ್ಮ ವಾರಕ್ಕೆ ವರುಷದ ಒಂದು ಪೆಟ್ಟು ಬೀಳುವದು. ಅದನ್ನು ಹೇಳುವದಕ್ಕಾಗಿಯೇ ಈ ಲೇಖನ. ಕ್ರಿಸ್ತಜಯಂತಿಗೆ ನಮ್ಮ ದೇವಾಲಯವು ತುಂಬಿ ತುಳುಕುವದು. ತೊಗರಿಯ ಸುಗ್ಗಿ ಮುಗಿದು ಮೈಲಾಪುರದ ಸಂಕ್ರಾಂತಿ ಜಾತ್ರೆ ಕಳೆಯಿತೆಂದರೆ ಗುಳೆ ಹೊರಡುವ ಮಾತು. ಉದ್ಯಾನ್ ಎಕ್ಸ್‌ಪ್ರೆಸ್ಸು ನಮ್ಮ ನಿಲ್ದಾಣದಿಂದ ಕೆಲವರನ್ನು ಮುಂಬಯಿಗೂ ಕೆಲವರನ್ನು ಬೆಂಗಳೂರಿಗೂ ಒಯ್ಯುವದು. ಮಳೆಗಾಲದ ವರೆಗೆ ಅವರೆಲ್ಲ ಕಟ್ಟಡದ ಕೆಲಸದವರು. ಹೀಗೆ ತಪಸ್ಸುಕಾಲವು ಬರುವ ಹೊತ್ತಿಗೆ ನಮ್ಮ ಚಾಪೆಗಳು ಸುತ್ತಿಟ್ಟಂತೆಯೇ ಉಳಿಯುವವು.

ಎರಡು ವರುಷಗಳ ಹಿಂದೆ ಸಂಕ್ರಾಂತಿಯಾದ ಮೇಲಿನ ಒಂದು ಆದಿತ್ಯವಾರ ಗಂಟೆಯೇ ಆಗಲಿಲ್ಲ. ಅದನ್ನು ಬಾರಿಸುತ್ತಿದ್ದವನು ಆರನೆಯ ಇಯತ್ತೆಯ ಹುಡುಗನು. ತಂದೆತಾಯಿಗಳು ಅವನನ್ನೂ ನಾಲ್ಕು ವರುಷದ ಅವನ ತಂಗಿಯನ್ನೂ ಕರಕೊಂಡು ಹೋಗಿದ್ದರು. ತಾವಿಬ್ಬರೂ ಇಟ್ಟಿಗೆ ಹೊರುವಾಗ ಕೂಸನ್ನು ನೋಡಲು ಒಬ್ಬರು ಬೇಕಲ್ಲವೇ? ಪೂಜೆಯಾದ ಮೇಲೆ ನಾನು ಹುಡುಗನ ಅಜ್ಜಿಯ ಬಳಿಗೆ ಹೋಗಿ, ಅವನಿಲ್ಲದೆ ದೇವಾಲಯವು ಮೂಕವಾಯಿತೆಂದು ಬಹಳ ರಸವತ್ತಾಗಿ ಪೇಚಾಡಿದೆನು. ಮುದುಕಿಯು ಸೆರಗಿನ ತುದಿಯಿಂದ ಮೂಗು ಒರಸಿಕೊಂಡು ಹೇಳಿದಳು: “ಗಂಟಿ ಬಾರ್ಸಲಾಕ ಯಾರರೆ ಸಿಗ್ತಾರ್ರಿ ಮಾಸ್ತರ್ರ. ಅವನ ಸಾಲಿ ಹೋತಲ್ರೀ, ಅದನ್ಯಾರು ಕೇಳ್ತಾರ?”

ಮೂವತ್ತು ವರುಷ ಹಾಜರಿ ಪುಸ್ತಕ ಬರೆದ ಕೈ ನನ್ನದು. ಜನವರಿಯಿಂದ ಮುಂದೆ ಹೆಸರುಗಳ ಎದುರಿಗೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುವದನ್ನು ಪ್ರತಿ ವರುಷವೂ ನೋಡಿದವನು ನಾನು. ಆರರಿಂದ ಹದಿನಾಲ್ಕು ವರುಷದ ಪ್ರತಿಯೊಂದು ಮಗುವಿಗೆ ಶಿಕ್ಷಣವು ಹಕ್ಕೆಂದು 2009ರಲ್ಲಿ ಕಾಯಿದೆಯಾದಾಗ ಶಾಲೆಯಲ್ಲಿ ಅದನ್ನು ಓದಿ ಹೇಳಿದವನೂ ನಾನೇ. ಆ ಹುಡುಗನು ಹೊರಡುವ ಸುದ್ದಿಯು ವಾರದ ಮೊದಲೇ ನನ್ನ ಕಿವಿಗೆ ಬಿದ್ದಿತ್ತು. ಪರರ ಮನೆಯ ವಿಚಾರ ನಮಗೇಕೆಂದು ಸುಮ್ಮನಿದ್ದೆನು. ನನಗೆ ಕಂಡ ನಷ್ಟವು ಗಂಟೆಯದು. ನಿಜವಾದ ನಷ್ಟವನ್ನು ಕಂಡವಳು ಅಕ್ಷರ ಬಾರದ ಮುದುಕಿ. ಚಿಕ್ಕ ದೇವಾಲಯದಲ್ಲಿ ಬಾರದವರು ಕಾಣುವರೆಂದು ಮೇಲೆ ಬರೆದೆನಷ್ಟೆ. ಕಂಡು ಮಾಡಿದ್ದೇನೆಂದು ಕೇಳಿದರೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಆ ವರುಷದ ತಪಸ್ಸುಕಾಲವು ನನಗೆ ಭಾರವಾಯಿತು. ಹಿಂದಿನ ವರುಷದ ಗರಿಯ ಹಬ್ಬದಲ್ಲಿ ನಾವು ಹಿಡಿದ ಗರಿಗಳನ್ನು ಸುಟ್ಟ ಬೂದಿಯನ್ನೇ ಬೂದಿ ಬುಧವಾರ ಹಣೆಗೆ ಹಚ್ಚುವರು. ಆ ಗರಿಗಳನ್ನು ಹಳ್ಳದ ದಂಡೆಯ ಈಚಲದಿಂದ ಕೊಯ್ದು ತಂದಿದ್ದವನು ಅದೇ ಹುಡುಗನು. ಶುಕ್ರವಾರದ ಶಿಲುಬೆಯ ಹಾದಿಗೆ ನಾವು ಆರೇಳು ಜನ ಮುದುಕರು. ಹದಿನಾಲ್ಕು ಸ್ಥಳಗಳಲ್ಲಿ ಮೊಣಕಾಲೂರಿ ಏಳುವದೇ ಸಾಹಸ. ಐದನೆಯ ಸ್ಥಳದಲ್ಲಿ, ಹೊಲದಿಂದ ಬರುತ್ತಿದ್ದ ಸಿರೇನ್ಯದ ಸಿಮೋನನನ್ನು ಹಿಡಿದು ಶಿಲುಬೆ ಹೊರಿಸುವರು. ಅವನು ತಾನಾಗಿ ಮುಂದೆ ಬಂದವನಲ್ಲ, ಆದರೂ ಹೊತ್ತನು. ನಾನು ಹಿಡಿಯುವವರಿಲ್ಲವೆಂದು ದಾರಿಯ ಬದಿಗೆ ಸರಿದು ನಿಂತವನು.

ಮರುವರುಷ ಕ್ರಿಸ್ತಜಯಂತಿಯಾದ ಮೂರನೆಯ ದಿನ ಅವರ ಮನೆಗೆ ಹೋದೆನು. ಹುಡುಗನು ಅಜ್ಜಿಯ ಬಳಿಯಲ್ಲಿ ಮಲಗಲಿ, ಎರಡು ಹೊತ್ತಿನ ಊಟ ನಮ್ಮಲ್ಲಾಗಲಿ, ಪರೀಕ್ಷೆಯ ವರೆಗೆ ಓದಿಸುವ ಹೊಣೆ ನನ್ನದೆಂದು ಹೇಳಿದೆನು. ತಂದೆಯು ಬಹಳ ಹೊತ್ತು ನೆಲವನ್ನೇ ನೋಡುತ್ತಿದ್ದು, “ಹಿಂದಿನ ವರ್ಷ ಯಾಕ ಹೇಳಲಿಲ್ರೀ?” ಎಂದನು. ಅದರಲ್ಲಿ ಕುಹಕವಿರಲಿಲ್ಲ, ತಿಳಿಯಬೇಕೆಂದೇ ಕೇಳಿದನು. ನನಗೆ ತಲೆಯೆತ್ತಲಾಗಲಿಲ್ಲ.

ಹುಡುಗನು ಉಳಿದನು, ಏಳನೆಯ ಇಯತ್ತೆ ಪಾಸಾದನು. ಆದಿತ್ಯವಾರದ ಗಂಟೆ ಮತ್ತೆ ಕೇಳಿಸಿತು. ಆದರೆ ಆ ಐದು ವರುಷದ ತಂಗಿಯನ್ನು ಅವರು ಒಯ್ದೇ ಒಯ್ದರು. ಅಷ್ಟು ಚಿಕ್ಕ ಕೂಸು ತಾಯಿಯನ್ನು ಬಿಟ್ಟಿರಲಾರದೆಂಬದು ನಿಜವೇ. ಬರುವ ಜೂನಿನಲ್ಲಿ ಅವಳ ಹೆಸರೂ ಹಾಜರಿ ಪುಸ್ತಕವನ್ನು ಏರುವದು. ಅದರ ಬೆನ್ನಿಗೆ ಜನವರಿಯೂ ಬರುವದು. ಗಂಟೆಯ ಸದ್ದಿಗೆ ಈಗ ನನ್ನ ಕಣ್ಣು ಮೊದಲು ಹೋಗುವದು ಪೀಠದ ಕಡೆಗಲ್ಲ, ಮುಂದಿನ ಚಾಪೆಯ ಮೇಲೆ ಅವಳು ಕೂಡ್ರುತ್ತಿದ್ದ ಜಾಗದ ಕಡೆಗೆ. ಅದರಿಂದ ಪೂಜೆಗೆ ಭಂಗ ಬರುವದೆಂದು ಪಾಪನಿವೇದನೆಯಲ್ಲಿ ಹೇಳಿಕೊಂಡಾಗ ಗುರುಗಳು ಬೇರೆ ಪ್ರಾಯಶ್ಚಿತ್ತವನ್ನು ವಿಧಿಸಲಿಲ್ಲ. ಅಲ್ಲಿಯೇ ನೋಡುತ್ತಿರಿ ಎಂದರು.