ಅಪ್ಪನ ಪಟ್ಟಾಪಟ್ಟಿ ಚಡ್ಡಿ

ಕೆಲವು ತಿಂಗಳ ಹಿಂದೆ ಮಾಗಡಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಅವಳೂ ಶಿಕ್ಷಕಿ. ಶಾಲೆಯ ವಾರ್ಷಿಕೋತ್ಸವಕ್ಕೆ ಅರವತ್ತು ವರ್ಷಗಳ ಹಿಂದಿನ ಹಳ್ಳಿಯ ಕಥೆಯೊಂದನ್ನು ನಾಟಕವಾಗಿ ಆಡಿಸುವ ಸಿದ್ಧತೆಯಲ್ಲಿದ್ದಳು. "ಮೇಷ್ಟ್ರೇ, ಪಂಚೆ, ಅಂಗಿ, ವಲ್ಲಿ ಎಲ್ಲ ಹೊಂದಿಸಿದ್ದೀನಿ. ಆದ್ರೆ ರೈತನ ಪಾತ್ರದ ಹುಡುಗ ಪಂಚೆ ಎತ್ತಿ ಕಟ್ಕೊಂಡು ಗದ್ದೆಗೆ ಇಳೀಬೇಕು. ಒಳಗಡೆ ಏನು ಹಾಕಿಸ್ಲಿ? ಕೇಳೋಕೆ ಸಂಕೋಚ ಆಗುತ್ತೆ" ಎಂದಳು.

ನನಗೆ ನಗು ಬಂದಿತು. ಫೋನ್ ಇಟ್ಟ ಮೇಲೆ ನಗು ನಿಂತು ಯೋಚನೆ ಹತ್ತಿತು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ರಾಜವಂಶಗಳನ್ನು ಪಾಠ ಮಾಡುವಾಗ 'ಅಂದಿನ ಜನರ ಉಡುಗೆ ತೊಡುಗೆ' ಎಂಬ ಉಪಶೀರ್ಷಿಕೆಯನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಮೈಗೆ ಅಂಟಿದ ಬಟ್ಟೆಯ ಬಗ್ಗೆ ಒಂದು ಸಾಲನ್ನೂ ಹೇಳಿರಲಿಲ್ಲ.

ಹೇಳುವುದಕ್ಕೆ ಆಧಾರವೂ ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ವಸ್ತ್ರೋಪಭೋಗಕ್ಕೆಂದೇ ಒಂದು ಭಾಗವನ್ನು ಇಟ್ಟಿದ್ದಾನೆ. ಆದರೆ ಅದು ಅರಸರ ಉಡುಪಿನ ಮಾತು. ಬೇಲೂರಿನ ಶಿಲ್ಪಗಳಲ್ಲಿ ಕಾಣುವುದು ಒಡವೆ ತೊಟ್ಟ ಮದನಿಕೆಯರು. 1800ರಲ್ಲಿ ಬುಕಾನನ್ ಎಂಬ ಕಂಪನಿಯ ವೈದ್ಯನು ಮೈಸೂರು ಸೀಮೆಯನ್ನು ಸುತ್ತುತ್ತಾ ನಮ್ಮ ಮಾಗಡಿ, ಚನ್ನಪಟ್ಟಣಗಳನ್ನೂ ಹಾದು ಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಬೆಂಗಳೂರಿನ ನೇಕಾರರ ಮಗ್ಗಗಳೂ ನೀಲಿ ಅದ್ದುವವರ ಕಸುಬೂ ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯೂ ಬರುತ್ತವೆ. ಗದ್ದೆಗೆ ಇಳಿದ ರೈತನು ಪಂಚೆಯ ಒಳಗೆ ಏನು ಉಟ್ಟಿದ್ದನೆಂದು ತಿಳಿಯಬೇಕಾದರೆ ಮನೆಯ ಟ್ರಂಕನ್ನೇ ತೆರೆಯಬೇಕು.

ಹಾಗೆಂದು ಅಟ್ಟದ ಮೇಲಿದ್ದ ಅವ್ವನ ತಗಡಿನ ಟ್ರಂಕನ್ನು ಇಳಿಸಿದೆ. ಅಕ್ಕನೂ ಬಂದು ಕುಳಿತಳು. ಒಣಗಿ ಪುಡಿಯಾದ ಬೇವಿನ ಸೊಪ್ಪಿನ ಕೆಳಗೆ ಸಿಕ್ಕಿದ್ದು ನಾಲ್ಕೇ ವಸ್ತು: ಅಜ್ಜಿಯ ಒಂದು ಕುಪ್ಪಸ, ಅವ್ವನ ಒಂದು ರವಿಕೆ, ತಮ್ಮ ಹುಟ್ಟಿದಾಗ ಹೊಲಿದ ಕೌದಿ, ಒಂದು ಪಟ್ಟಾಪಟ್ಟಿ ಚಡ್ಡಿ.

ಬಟ್ಟೆಯ ವಯಸ್ಸನ್ನು ಗುರುತಿಸುವ ಬಗೆ ಪತ್ತೆದಾರಿಯಂತೆಯೇ ಇರುತ್ತದೆ. ಅಜ್ಜಿಯ ಕುಪ್ಪಸಕ್ಕೆ ಗುಂಡಿಯೇ ಇಲ್ಲ, ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕುವ ಮಾದರಿ. ಹೊಲಿಗೆಯ ಅಂತರ ಒಂದೇ ಸಮನಿಲ್ಲ, ಅಂದರೆ ಕೈಹೊಲಿಗೆ. ಅವ್ವನ ರವಿಕೆಗೆ ಟಿಚ್ ಬಟನ್ ಇದೆ, ಹೊಲಿಗೆ ಯಂತ್ರದ್ದು. ಸೀರೆಯ ಉದ್ದವೂ ಒಳಗಿನ ಕಥೆಯನ್ನು ಹೇಳುತ್ತದೆ. ಅಜ್ಜಿ ಉಡುತ್ತಿದ್ದ ಹದಿನಾರು ಮೊಳದ ಸೀರೆ ಸೊಂಟವನ್ನು ಹಲವು ಸುತ್ತು ಬಳಸುತ್ತಿದ್ದುದರಿಂದ ಒಳಲಂಗದ ಅಗತ್ಯವೇ ಇರಲಿಲ್ಲ. ಸೀರೆ ಹನ್ನೆರಡು ಮೊಳಕ್ಕೆ ಇಳಿದಾಗ ನೆರಿಗೆಯನ್ನು ಸಿಕ್ಕಿಸಲು ಲಾಡಿಯ ಲಂಗ ಬೇಕಾಯಿತು. ನಾರಿನ ಜಾತಿಯನ್ನು ತಿಳಿಯಲು ಒಂದು ಎಳೆಯನ್ನು ಕಿತ್ತು ಸುಟ್ಟರೆ ಸಾಕು. ಹತ್ತಿ ಕಾಗದದಂತೆ ವಾಸನೆ ಕೊಡುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇನ್ನು ಚಡ್ಡಿ. ನಮ್ಮ ಕಡೆಯವರಿಗೆ ಇದನ್ನು ವರ್ಣಿಸಬೇಕಾಗಿಲ್ಲ. ದೂರದ ಊರುಗಳಲ್ಲಿರುವ ಮೊಮ್ಮಕ್ಕಳಿಗಾಗಿ ಬರೆಯುತ್ತೇನೆ. ಮಂಡಿಯವರೆಗೆ ಬರುವ ಸಡಿಲವಾದ ಹತ್ತಿಯ ಚಡ್ಡಿ, ನೀಲಿ ಬಿಳಿ ಉದ್ದ ಗೆರೆ, ಸೊಂಟಕ್ಕೆ ಲಾಡಿ, ಪಕ್ಕದಲ್ಲಿ ಆಳವಾದ ಜೇಬು. ಗೆರೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಗಾಢತೆಯಲ್ಲಿವೆ, ಆದ್ದರಿಂದ ಅಚ್ಚು ಒತ್ತಿದ್ದಲ್ಲ, ನೂಲಿಗೇ ಬಣ್ಣ ಹಾಕಿ ನೇಯ್ದದ್ದು. ಎರಡು ಕಾಲುಗಳು ಸೇರುವಲ್ಲಿ ಒಂದು ಚೌಕದ ತುಂಡನ್ನು ಸೇರಿಸಲಾಗಿದೆ. ಬಗ್ಗಿ ನಾಟಿ ಹಾಕುವವನಿಗೆ, ಕುಕ್ಕರಗಾಲಿನಲ್ಲಿ ಕುಳಿತು ಹುಳುವಿಗೆ ಸೊಪ್ಪು ಹರಡುವವನಿಗೆ ಬಟ್ಟೆ ಹರಿಯದಂತೆ ದರ್ಜಿ ಮಾಡಿದ ಉಪಾಯ ಅದು.

"ಇದು ತಾತಂದು ಕಣೋ, ಸ್ವಾತಂತ್ರ್ಯ ಬರೋಕೆ ಮುಂಚಿನದು" ಎಂದಳು ಅಕ್ಕ. ನೋಡಲು ಬಂದ ಅವಳ ಮಗ ಲಾಡಿಯನ್ನು ಮುಟ್ಟಿ, "ಇದು ನೈಲಾನ್ ಮಾವ, ಅಷ್ಟು ಹಳೇದಲ್ಲ" ಎಂದ. ಇಬ್ಬರೂ ತಪ್ಪಿದ್ದರು. ಲಾಡಿ ಸವೆದರೆ ಬದಲಿಸುವ ವಸ್ತು. ಅದರಿಂದ ಚಡ್ಡಿಯ ವಯಸ್ಸನ್ನು ಹೇಳಲಾಗದು. ಅಂಚಿನ ಹೊಲಿಗೆಯ ದಾರವನ್ನು ಸುಟ್ಟಾಗ ಹತ್ತಿಯ ವಾಸನೆ ಬಂದಿತು. ತಾತನದೆಂಬುದಕ್ಕೂ ಅಡ್ಡಿಯಿತ್ತು. "ತಾತ ಲಂಗೋಟಿ ಬಿಟ್ಟು ಬೇರೇನಾದ್ರೂ ಕಟ್ಟಿದ್ದು ನೋಡಿದ್ದೀಯಾ ಅಕ್ಕ?" ಎಂದು ಕೇಳಿದಾಗ ಅವಳೇ ತಲೆಯಾಡಿಸಿದಳು.

ಆಮೇಲೆ ಜೇಬನ್ನು ಒಳಗುಮಾಡಿ ನೋಡಿದೆ. ಚಡ್ಡಿಯೆಲ್ಲ ಯಂತ್ರದ ಹೊಲಿಗೆ, ಜೇಬು ಮಾತ್ರ ಕೈಹೊಲಿಗೆ. ಹಳೆಯ ಜೇಬು ಹರಿದಿರಬೇಕು. ಯಾರೋ ಹೊಸ ಜೇಬನ್ನು ಎರಡು ಪದರದ ಬಟ್ಟೆಯಲ್ಲಿ, ಎರಡು ಸಾಲು ಹೊಲಿಗೆ ಹಾಕಿ ಕೂರಿಸಿದ್ದರು. ಬಟ್ಟೆ ಕುಂಕುಮ ಬಣ್ಣದ ಚಿಕ್ಕ ಚೌಕಳಿಯದು. ಅಕ್ಕ ಮಾತಿಲ್ಲದೆ ಕೌದಿಯನ್ನು ಬಿಡಿಸಿ ಮೂಲೆಯ ಒಂದು ತುಂಡಿನ ಮೇಲೆ ಬೆರಳಿಟ್ಟಳು. ಅದೇ ಚೌಕಳಿ, ಅದೇ ಅಂಚು. ಅವ್ವನ ಸೀರೆ. ತಮ್ಮ ಹುಟ್ಟಿದ್ದು 1964ರಲ್ಲಿ. ಆ ಸೀರೆ ಹರಿದು ತುಂಡಾದ ಮೇಲೆ ಕೌದಿಯೂ ಆಯಿತು, ಅಪ್ಪನ ಜೇಬೂ ಆಯಿತು. ಹಾಗಾಗಿ ಚಡ್ಡಿ ಅಪ್ಪನದೇ, ಜೇಬು ಹೆಚ್ಚುಕಡಿಮೆ ಆ ಕಾಲದ್ದೇ.

ಇಲ್ಲಿಯವರೆಗೆ ಬರೆದದ್ದು ಸುಲಭ. ಮುಂದಿನದನ್ನು ನನ್ನ ಹೆಂಡತಿ ಮಕ್ಕಳಿಗೂ ಹೇಳಿರಲಿಲ್ಲ.

1966ರಲ್ಲಿ ನಾನು ಹೈಸ್ಕೂಲಿಗೆ ಸೇರುವ ದಿನ ಅಪ್ಪ ರಾಮನಗರದಲ್ಲಿ ಗೂಡು ಮಾರಿ ನೇರವಾಗಿ ಶಾಲೆಗೆ ಬಂದಿದ್ದರು. ಗುಮಾಸ್ತರು ಫೀಸು ಕೇಳಿದರು. ಅಪ್ಪ ಎಲ್ಲರ ಎದುರಿಗೇ ಪಂಚೆಯನ್ನು ಸರಿಸಿ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಮೊಳಕೈವರೆಗೆ ಕೈ ಹಾಕಿ, ಮಡಿಸಿದ ನೋಟುಗಳನ್ನು ತೆಗೆದು ಎಣಿಸಿದರು. ನೋಟು ಬೆವರಿಗೆ ಒದ್ದೆಯಾಗಿತ್ತು. ಬಾಗಿಲಲ್ಲಿ ನಿಂತಿದ್ದ ಪೇಟೆಯ ಹುಡುಗರು ಕಿಸಕ್ಕನೆ ನಕ್ಕರು. ನಾನು ಅಪ್ಪನಿಂದ ಎರಡು ಹೆಜ್ಜೆ ಹಿಂದೆ ಸರಿದೆ. 'ಯಾರಪ್ಪ ಅದು?' ಎಂದು ಒಬ್ಬ ಕೇಳಿದಾಗ, 'ನಮ್ಮೂರವರು' ಎಂದೆ. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ ಎಂದು ಐವತ್ತು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರು ಒಮ್ಮೆಯೂ ಆ ಮಾತನ್ನು ಎತ್ತಲಿಲ್ಲ. ಮತ್ತೆಂದೂ ಶಾಲೆಗೆ ಬರಲೂ ಇಲ್ಲ. ಫೀಸನ್ನು ನನ್ನ ಕೈಗೇ ಕೊಟ್ಟು ಕಳಿಸುತ್ತಿದ್ದರು.

ಅಂದು ನಾನು ಕಂಡದ್ದು ಚಡ್ಡಿಯನ್ನು ಮಾತ್ರ. ಆ ಜೇಬು ಏಕೆ ಅಷ್ಟು ಆಳ, ಏಕೆ ಎರಡು ಪದರ ಎಂಬುದು ಈಗ ಹೊಳೆಯಿತು. ಮೊಟ್ಟೆ ತಂದು, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುವ ತನಕ ಮನೆಯವರೆಲ್ಲ ನಿದ್ದೆಗೆಟ್ಟು ದುಡಿದ ಹಣ ಅದು. ಸಂತೆಯ ಜನಜಂಗುಳಿಯಲ್ಲಿ ಆ ಹಣ ಒಂದೇ ಜೇಬಿನಲ್ಲಿ ಮನೆ ತಲುಪಬೇಕಿತ್ತು. ಅದನ್ನು ಕಾಯಲು ಅವ್ವ ತನ್ನ ಸೀರೆಯ ಗಟ್ಟಿ ಅಂಚಿನ ತುಂಡನ್ನು ಕೊಟ್ಟಿದ್ದಳು. ರೇಷ್ಮೆ ಬೆಳೆದ ಮನೆಯಲ್ಲಿ ಆ ಜೇಬೂ ಹತ್ತಿಯದೇ.

ಇಂಥ ಬಟ್ಟೆಗಳು ಏಕೆ ಉಳಿಯುವುದಿಲ್ಲವೆಂದರೆ ಅವು ಕೊನೆಯ ಎಳೆಯವರೆಗೂ ದುಡಿಯುತ್ತವೆ. ಸೀರೆ ಹರಿದರೆ ಲಂಗ, ಲಂಗ ಹರಿದರೆ ಕೂಸಿನ ಬಟ್ಟೆ, ತಿಂಗಳ ಬಟ್ಟೆ, ಕೊನೆಗೆ ಒಲೆಯ ಮಸಿಬಟ್ಟೆ. ಜರಿಸೀರೆಗಳದ್ದು ಇನ್ನೊಂದು ಗತಿ: ಪಾತ್ರೆಯವರು ಅವನ್ನು ಕೊಂಡು ಸ್ಟೀಲು ತಟ್ಟೆ ಕೊಟ್ಟರು, ಜರಿ ಕರಗಿ ಬೆಳ್ಳಿಯಾಯಿತು. ನಮ್ಮ ರಾಮನಗರದ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅನ್ನಿಸುತ್ತದೆ, ಮರ, ಕಲ್ಲು, ಲೋಹ ತಾಳಿದಷ್ಟು ಕಾಲ ಮೈಬಟ್ಟೆ ತಾಳುವುದಿಲ್ಲವೆಂದು. ಆಸ್ಟ್ರಿಯಾ ದೇಶದ ಲೆಂಗ್‌ಬರ್ಗ್ ಕೋಟೆಯಲ್ಲಿ 2008ರಲ್ಲಿ ದುರಸ್ತಿ ನಡೆದಾಗ, ನೆಲದಡಿ ತುಂಬಿದ್ದ ಕಸದಲ್ಲಿ ಹದಿನೈದನೆಯ ಶತಮಾನದ ಹೆಂಗಸರ ಒಳಉಡುಪುಗಳು ಸಿಕ್ಕವು. ಅವುಗಳಲ್ಲಿ ಇಂದಿನ ಬ್ರಾ ಹೋಲುವ ಲಿನನ್ ಬಟ್ಟೆಗಳೂ ಇದ್ದವು. 2012ರಲ್ಲಿ ಸುದ್ದಿ ಹೊರಬಿದ್ದಾಗ, ಅಂಥ ಉಡುಪು ಈಚಿನ ಕಾಲದ್ದೆಂದು ನಂಬಿದ್ದವರು ಬೆರಗಾದರು. ಅಲ್ಲಿ ಕಸವೇ ಕಾಪಾಡಿತು. ನಮ್ಮಲ್ಲಿ ಕೌದಿ ಕಾಪಾಡಿತು.

ಮಾಗಡಿಯ ಹುಡುಗಿಗೆ ಅಳತೆ, ಗೆರೆ, ಲಾಡಿ, ಜೇಬು ಎಲ್ಲವನ್ನೂ ಬರೆದು ಕಳಿಸಿದೆ. ನಾಟಕಕ್ಕೆ ನಾನೂ ಹೋಗಿದ್ದೆ. ರೈತನ ವೇಷದ ಹುಡುಗ ಪಂಚೆ ಎತ್ತಿ ಕಟ್ಟಿದಾಗ ಮಕ್ಕಳೆಲ್ಲ ನಕ್ಕರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ನಮ್ಮಪ್ಪಂದೂ ಹಿಂಗೇ ಇತ್ತು" ಎಂದರು. ನಾನು, "ನಮ್ಮಪ್ಪಂದೂ" ಎಂದೆ. ಅಷ್ಟು ಹೇಳಲು ನನಗೆ ಅರವತ್ತು ವರ್ಷ ಹಿಡಿಯಿತು.

ಈ ಪುಟವನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮನೆಯಲ್ಲಿ ಹಳೆಯ ಟ್ರಂಕಿದ್ದರೆ, ಅದನ್ನು ಪಾತ್ರೆಯವರಿಗೋ ಗುಜರಿಯವರಿಗೋ ಹಾಕುವ ಮುಂಚೆ ಒಮ್ಮೆ ತೆರೆಯಿರಿ. ಬಟ್ಟೆಯನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ನೆರಳಿನಲ್ಲಿ ಹರಡಿ, ಹಿರಿಯರನ್ನು ಕೂರಿಸಿಕೊಂಡು ಯಾರದು, ಯಾವಾಗಿನದು ಎಂದು ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿ. ಜೇಬುಗಳನ್ನು ಮರೆಯದೆ ಒಳಗುಮಾಡಿ ನೋಡಿ.