40 ಪಿನ್ನುಗಳ ರೇಡಿಯೋ

ಧಾರವಾಡದ ಮನೆ ಖಾಲಿ ಮಾಡಿ ಅವ್ವನನ್ನು ದ್ವಾರಕಾಕ್ಕೆ ಕರೆತಂದಾಗ ಅವಳ ಸಾಮಾನಿನಲ್ಲಿ ಅಪ್ಪನ ಸಿಡಿಗಳ ರಟ್ಟಿನ ಡಬ್ಬಿಯೂ ಇತ್ತು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಸಿಡಿ ಪ್ಲೇಯರು ಮಾತ್ರ ಕೆಟ್ಟು ವರ್ಷಗಳಾಗಿದ್ದವು. ಅವ್ವನಿಗೆ ಹಿಂದಿ ಬರುವುದಿಲ್ಲ, ಟಿವಿಯಲ್ಲಿ ಮನಸ್ಸಿಲ್ಲ. ನಾನೂ ಹೆಂಡತಿಯೂ ಬೆಳಿಗ್ಗೆ ಎಂಟಕ್ಕೆ ಮೆಟ್ರೋ ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಆ ಹನ್ನೊಂದು ಗಂಟೆ ಅವಳ ಜೊತೆಗೆ ಹಾಡಾದರೂ ಇರಲಿ ಎಂದುಕೊಂಡೆ.

ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ 3 ಸುಮ್ಮನೆ ಬಿದ್ದಿತ್ತು. ಎಟಿಎಂ ಕಾರ್ಡಿನಷ್ಟು ಅಗಲದ ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ಈ ಬೋರ್ಡಿನ ಮೊದಲ ಮಾದರಿ 2012ರ ಫೆಬ್ರವರಿ 29ರಂದು 35 ಡಾಲರಿಗೆ ಮಾರಾಟಕ್ಕೆ ಬಂತು. ಫ್ಯಾನ್ ಇಲ್ಲ, ಆದ್ದರಿಂದ ಸದ್ದಿಲ್ಲ. ಕೆಲವೇ ವ್ಯಾಟ್ ಕರೆಂಟು ಸಾಕು, ಹಗಲಿರುಳು ಹಚ್ಚಿಟ್ಟರೂ ಚಿಂತೆಯಿಲ್ಲ.

ಆದರೆ ಅದರ ಹೆಡ್‌ಫೋನ್ ಕಿಂಡಿಯಿಂದ ಬರುವ ಧ್ವನಿ ಸುಮಾರು. ತಂಬೂರಿಯ ಹಿಂದೆ ಸಣ್ಣದೊಂದು ಕೊರೆತ ಕೇಳುತ್ತಲೇ ಇರುತ್ತದೆ. ಇದಕ್ಕೆ ಪರಿಹಾರ ಬೋರ್ಡಿನ ಅಂಚಿನಲ್ಲಿ ಸಾಲಾಗಿ ನಿಂತ 40 ಪಿನ್ನುಗಳಲ್ಲಿದೆ. ಹಾಡಿನ ಅಂಕಿಗಳನ್ನು ಅಲ್ಲಿಂದ ನೇರವಾಗಿ ಇನ್ನೊಂದು ಪುಟ್ಟ ಬೋರ್ಡಿಗೆ ಕೊಟ್ಟರೆ, ಅಂಕಿಯನ್ನು ಧ್ವನಿಯ ಅಲೆಯಾಗಿಸುವ ಕೆಲಸವನ್ನು ಅದು ಮಾಡುತ್ತದೆ. ಇದಕ್ಕೆ ಡ್ಯಾಕ್ ಎನ್ನುತ್ತಾರೆ.

ಇಲ್ಲಿ ಲೆಕ್ಕದ ಒಂದು ಸೊಗಸಿದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಪೈ 3ರಲ್ಲಿರುವ ಹರಳು ಸೆಕೆಂಡಿಗೆ 1,92,00,000 ಸಲ ಮಿಡಿಯುತ್ತದೆ. ಭಾಗಿಸಿ ನೋಡಿ, ಶೇಷ ಉಳಿಯುತ್ತದೆ. ಹಾಗಾಗಿ ಅದು ಹಿಡಿಯುವ ತಾಳದಲ್ಲಿ ಅಲ್ಲಲ್ಲಿ ಕೂದಲೆಳೆಯಷ್ಟು ಹಿಂದುಮುಂದಾಗುತ್ತದೆ. ಒಳ್ಳೆಯ ಡ್ಯಾಕ್‌ಗಳು ತಮ್ಮದೇ ಹರಳು ಇಟ್ಟುಕೊಂಡಿರುತ್ತವೆ. ಅದು ಮಿಡಿಯುವುದು 2,25,79,200 ಸಲ, ಅಂದರೆ 44,100ರ ಸರಿಯಾಗಿ 512 ಪಟ್ಟು. ಅಂಥದ್ದನ್ನೇ ತರಿಸಿದೆ. ಸಿಡಿಗಳನ್ನೆಲ್ಲ ಒಂದು ಬಿಟ್ಟೂ ಕಳೆಯದಂತೆ ಫ್ಲ್ಯಾಕ್ ಫೈಲುಗಳಾಗಿ ತುಂಬಿಸಿದೆ. ಮೊದಲ ರಾತ್ರಿ ಮನ್ಸೂರರು ತಾನಿನ ನಡುವೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ನಾನು ಗೆದ್ದೆ ಎಂದುಕೊಂಡೆ.

ಪೂರ್ವದ ಗಾಳಿ ಬೀಸಿದ ದಿನ ವಿಮಾನಗಳು ನಮ್ಮ ತಲೆಯ ಮೇಲೆಯೇ ಹಾದು ಪಾಲಂನಲ್ಲಿ ಇಳಿಯುತ್ತವೆ. ಕಿಟಕಿ ಮುಚ್ಚಿದರೂ ಗಾಜು ನಡುಗುತ್ತದೆ. ಆಗ ಹಾಡಿನಲ್ಲಿ ತಡೆ ಬಂದಂತೆ ಅನ್ನಿಸಿ, ತಪ್ಪು ಯಂತ್ರದ್ದೋ ವಿಮಾನದ್ದೋ ತಿಳಿಯಲೆಂದು ಒಂದು ತಿಂಗಳ ಬಳಿಕ ಪೈಯೊಳಗಿನ ಲಾಗ್ ತೆಗೆದೆ. ಯಾವ ಹಾಡು ಎಷ್ಟು ಗಂಟೆಗೆ ನುಡಿಯಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ತಡೆ ಎಲ್ಲೂ ಇರಲಿಲ್ಲ. ಆದರೆ ಎಲ್ಲ ಹಾಡುಗಳೂ ಸಂಜೆ ಏಳರ ನಂತರದವು, ಇಲ್ಲವೇ ಭಾನುವಾರದವು. ಹಗಲಿನಲ್ಲಿ ಒಂದೇ ಒಂದು ಸಾಲಿಲ್ಲ.

“ಹಗಲೊತ್ತು ಯಾಕ ಹಾಡ ಹಚ್ಚಂಗಿಲ್ಲವ್ವಾ?”

“ಆ ಫೋನಿನ ಮ್ಯಾಲ ಬೆರಳಿಟ್ರ ಎಲ್ಲೆಲ್ಲೋ ಹೋಗ್ತದ ತಮ್ಮಾ. ಕೆಡಿಸೀನಂತ ಅಂಜಿಕಿ. ನೀ ಬಂದಮ್ಯಾಲ ಕೇಳಿದ್ರಾತು.”

ಹರಳಿನ ಮಿಡಿತ ಲೆಕ್ಕ ಹಾಕಿದವನಿಗೆ ಗಂಟು ಬಿಗಿದ ಅವಳ ಬೆರಳು ಕಂಡಿರಲಿಲ್ಲ. ಎಲ್ಲವನ್ನೂ ಫೋನಿನಿಂದಲೇ ನಡೆಸುವಂತೆ ಮಾಡಿದ್ದೆ. ಒಂದು ತಿಂಗಳು ಅವಳು ಆ ಯಂತ್ರದ ಎದುರು ಸುಮ್ಮನೆ ಕೂತು ನನ್ನ ದಾರಿ ಕಾಯ್ದಿದ್ದಳು.

ಮುಂದಿನ ವಾರ ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿನಿಂದ ತಿರುಗಿಸುವ ನಾಬೊಂದನ್ನು ತಂದೆ. ಹಾಡಿನ ಅಂಕಿಗಳು ಹೊರಬೀಳಲು ಬೇಕಾದದ್ದು ಮೂರು ಪಿನ್ನು. ನಾಬಿನ ಮಾತು ಒಳಗೆ ಬರಲೂ ಮೂರೇ ಸಾಕು. ಬಲಕ್ಕೆ ತಿರುಗಿಸಿದರೆ ಧ್ವನಿ ಏರುತ್ತದೆ, ಎಡಕ್ಕೆ ಇಳಿಯುತ್ತದೆ, ಒತ್ತಿದರೆ ಹಾಡು, ಮತ್ತೆ ಒತ್ತಿದರೆ ನಿಲುಗಡೆ. ಡ್ಯಾಕ್‌ನ ಹತ್ತರಲ್ಲೊಂದು ಪಾಲೂ ಖರ್ಚಾಗಲಿಲ್ಲ. ಮಂಗಳವಾರದ ಲಾಗಿನಲ್ಲಿ ಬೆಳಿಗ್ಗೆ 5.40ಕ್ಕೇ ಗಂಗೂಬಾಯಿ ಇದ್ದರು. ವಿಮಾನ ಬಂದಾಗ ಅವ್ವ ನಾಬು ಒತ್ತಿ, ಅದು ದಾಟಿದ ಮೇಲೆ ಮತ್ತೆ ಒತ್ತುತ್ತಾಳೆ.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಎರಡು ಮೂರು ಸಲ ಹೋಗಿ ಬಂತು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಪೈಯ ಮೆಮೊರಿ ಕಾರ್ಡು ಕೆಡುವುದುಂಟು, ಅಂದು ಹಾಗೇ ಆಯಿತು. ಆ ಸಂಜೆ ಎಲ್ಲವನ್ನೂ ಹೊಸದಾಗಿ ಹಾಕಿ, ಕಾರ್ಡಿನ ಮೇಲೆ ಏನೂ ಬರೆಯದಂತೆ ಬೀಗ ಜಡಿದೆ. ಅದರಿಂದ ಪ್ರತಿ ಸಲ ಕರೆಂಟು ಹೋದಾಗ ಲಾಗ್ ಅಳಿಸಿಹೋಗುತ್ತದೆ. ಹೋಗಲಿ. ಅಂದು ಆಫೀಸಿನಲ್ಲಿದ್ದಾಗ ಅವ್ವನ ಫೋನು ಬಂದಿತ್ತು. ಆಫೀಸಿನ ಹೊತ್ತಿನಲ್ಲಿ ಅವಳಾಗಿಯೇ ಫೋನು ಮಾಡಿದ್ದು ಅದೇ ಮೊದಲು.

“ನನ್ನ ರೇಡಿಯೋ ಕೆಟ್ಟದ. ಲಗೂನ ಬಾ.”